ಡಾಕ್ಟರ ಕೋಣೆಯಿಂದ ಪಕ್ಕದ ಕೋಣೆಗೆ

ಬೆನ್ನುನೋವು ಅಂತ ಬರುತ್ತಾರೆ. ನಿದ್ದೆ ಸರಿಯಾಗಿ ಬರ್ತಿಲ್ಲ ಅಂತಾರೆ. ಬಿಪಿ ನೋಡಿದರೆ ಜಾಸ್ತಿ. ಆದರೆ ‘ಮನಸ್ಸು ಸರಿ ಇಲ್ಲ’ ಅಂತ ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅಮೆರಿಕದ ಹಳ್ಳಿಗಾಡಿನ ಕ್ಲಿನಿಕ್‌ಗಳಲ್ಲಿ ಮಾಜಿ ಸೈನಿಕರ ಮನೋವ್ಯಥೆ ಎಷ್ಟೋ ಸಲ ಹೀಗೆ ವೇಷ ಮರೆಸಿಕೊಂಡೇ ಬರುತ್ತದೆ.

ಆ ದೇಶದ ಮಾಜಿ ಸೈನಿಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಳ್ಳಿಗಾಡಿನವರು. ಮನೋವೈದ್ಯರು ಇರುವುದು ದೂರದ ನಗರದಲ್ಲಿ. ಅಲ್ಲಿಗೆ ಹೋಗಿ ತೋರಿಸಿ ಅಂತ ಚೀಟಿ ಬರೆದುಕೊಟ್ಟರೆ ಎಷ್ಟು ಜನ ಹೋದಾರು? ಗಂಟೆಗಟ್ಟಲೆ ಕಾರು ಓಡಿಸಬೇಕು. ಒಂದು ದಿನದ ಕೆಲಸ ಹೋಯಿತು. ಯಾರಾದರೂ ನೋಡಿಬಿಟ್ಟರೆ ಅನ್ನುವ ಅಳುಕು ಬೇರೆ. ಚೀಟಿ ಜೇಬಿನಲ್ಲೇ ಉಳಿಯುತ್ತದೆ.

‘ಯುದ್ಧ ನೋಡಿ ಬಂದವರಿಗೆ ಎಂಥ ಮನೋರೋಗ? ಗಟ್ಟಿ ಮನಸ್ಸು ಬೇಕು ಅಷ್ಟೇ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 1871ರಲ್ಲೇ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಡಾ ಕೋಸ್ಟಾ ಅಮೆರಿಕದ ಅಂತರ್ಯುದ್ಧದ ಸೈನಿಕರ ಬಗ್ಗೆ ಬರೆದಿದ್ದರು. ಎದೆ ಡವಡವ, ಎದೆನೋವು, ಏದುಸಿರು. ಆದರೆ ಪರೀಕ್ಷೆ ಮಾಡಿದರೆ ಎಷ್ಟೋ ಜನರ ಹೃದಯದಲ್ಲಿ ಕಾಯಿಲೆಯೇ ಸಿಗುತ್ತಿರಲಿಲ್ಲ. ಜ್ವರ, ವಿಪರೀತ ದಣಿವು ಇದಕ್ಕೆ ಕಾರಣ ಅಂದುಕೊಂಡರು ಅವರು. ಮುಂದೆ ಇದಕ್ಕೆ ‘ಸೈನಿಕರ ಹೃದಯ’ ಅನ್ನುವ ಹೆಸರೇ ಬಿತ್ತು. ಮೊದಲನೇ ಮಹಾಯುದ್ಧದಲ್ಲಿ ‘ಶೆಲ್ ಶಾಕ್’ ಅಂದರು. ಪಿಟಿಎಸ್‌ಡಿ, ಅಂದರೆ ಭಾರೀ ಆಘಾತದ ನಂತರ ಕಾಡುವ ಮನೋವ್ಯಥೆ, ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ರೋಗಪಟ್ಟಿ ಸೇರಿದ್ದು 1980ರಲ್ಲಿ.

ಅದೇ ಮೊದಲನೇ ಮಹಾಯುದ್ಧದಲ್ಲಿ ಥಾಮಸ್ ಸಾಲ್ಮನ್ ಅನ್ನುವ ಅಮೆರಿಕದ ಮನೋವೈದ್ಯರು ಒಂದು ಪಾಠ ಕಲಿತರು. ಮನಸ್ಸು ಕುಸಿದ ಸೈನಿಕರನ್ನು ದೂರದ ಆಸ್ಪತ್ರೆಗೆ ಸಾಗಿಸಬೇಡಿ. ರಣರಂಗದ ಹತ್ತಿರವೇ, ತಡಮಾಡದೆ, ವಾಸಿಯಾಗುತ್ತೆ ಅನ್ನುವ ಭರವಸೆ ಕೊಟ್ಟು ನೋಡಿಕೊಳ್ಳಿ. ಆಗಿನ ಉದ್ದೇಶ ಅವರನ್ನು ಮತ್ತೆ ಯುದ್ಧಕ್ಕೆ ಕಳಿಸುವುದು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ‘ಹತ್ತಿರವೇ’ ಅನ್ನುವ ಆ ಒಂದು ಪದವನ್ನು ಮಾತ್ರ ಹಿಡಿದಿಟ್ಟುಕೊಳ್ಳಿ.

2007ರಿಂದ ಅಮೆರಿಕದ ಮಾಜಿ ಸೈನಿಕರ ಇಲಾಖೆ ದೇಶದ ಉದ್ದಗಲಕ್ಕೂ ಸಾಮಾನ್ಯ ಕ್ಲಿನಿಕ್‌ಗಳ ಒಳಗೇ ಮನೋಆರೋಗ್ಯ ಸಿಬ್ಬಂದಿಯನ್ನು ಕೂರಿಸತೊಡಗಿತು. ಡಾಕ್ಟರು ಚೀಟಿ ಬರೆಯುವುದಿಲ್ಲ. ಎದ್ದು, ರೋಗಿಯ ಜೊತೆ ನಾಲ್ಕು ಹೆಜ್ಜೆ ನಡೆದು, ಪಕ್ಕದ ಕೋಣೆಯ ಸಹೋದ್ಯೋಗಿಗೆ ಪರಿಚಯ ಮಾಡಿಸುತ್ತಾರೆ. ಅದೇ ದಿನ, ಅದೇ ಗಳಿಗೆ. ಇದನ್ನು ಅವರು ‘ವಾರ್ಮ್ ಹ್ಯಾಂಡಾಫ್’ ಅನ್ನುತ್ತಾರೆ.

ಆದರೆ ನನಗೆ ತುಂಬಾ ಇಷ್ಟವಾದ ಭಾಗ ಬರುವುದು ಅದರ ನಂತರ. ಮಾತ್ರೆ ಬರೆದುಕೊಟ್ಟ ಮೇಲೆ ಏನಾಗುತ್ತದೆ? ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಒಂದು ಹಾಳೆ ಇದೆ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಲೇಬೇಕು. ಐದಕ್ಕಿಂತ ಕೆಳಗಿಳಿಸುವುದು ಗುರಿ. ಕೆಲವು ವಾರಕ್ಕೊಮ್ಮೆ ನರ್ಸ್ ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಅಂಕ ಇಳಿಯದಿದ್ದರೆ ಚಿಕಿತ್ಸೆ ಬದಲಾಗುತ್ತದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಹೇಗೋ ಹಾಗೆ. ಇಸ್ತ್ರಿ ಪೆಟ್ಟಿಗೆ ಯಾಕೆ ಬಟ್ಟೆ ಸುಡುವುದಿಲ್ಲ ಹೇಳಿ? ಒಳಗಿನ ಪಟ್ಟಿ ಬಿಸಿಯನ್ನು ಸದಾ ಗಮನಿಸುತ್ತಾ, ಜಾಸ್ತಿಯಾದಾಗ ಕರೆಂಟ್ ಕಡಿದು, ಕಮ್ಮಿಯಾದಾಗ ಮತ್ತೆ ಕೂಡಿಸುತ್ತದೆ. ಸೈಕಲ್ ಸವಾರಿಯೂ ಅಷ್ಟೇ ಅಲ್ವಾ? ವಾಲಿದ್ದು ಗೊತ್ತಾದರೆ ತಾನೇ ಹ್ಯಾಂಡಲ್ ತಿರುಗಿಸುವುದು! ಅಳೆಯದೆ ಸುಮ್ನೆ ಮಾತ್ರೆ ಕೊಡುತ್ತಾ ಹೋಗುವುದು ಕಣ್ಣುಮುಚ್ಚಿ ಸೈಕಲ್ ಹೊಡೆದ ಹಾಗೆ.

ಇದು ಬರೀ ಉಪಮೆಯ ಮಾತಲ್ಲ. 2002ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಅಧ್ಯಯನದಲ್ಲಿ ಖಿನ್ನತೆ ಇದ್ದ, 60 ದಾಟಿದ 1801 ಜನ ಇದ್ದರು. ಈ ರೀತಿಯ ಆರೈಕೆ ಸಿಕ್ಕವರಲ್ಲಿ ಒಂದು ವರ್ಷದ ಹೊತ್ತಿಗೆ ನೂರಕ್ಕೆ 45 ಜನರ ಲಕ್ಷಣಗಳು ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದವು. ಮಾಮೂಲಿ ಚಿಕಿತ್ಸೆಯಲ್ಲಿ 19.

ಪಕ್ಕದ ಕೋಣೆಯಲ್ಲಿ ಕೂರಲು ಯಾರೂ ಸಿಗದ ಪುಟ್ಟ ಕ್ಲಿನಿಕ್‌ಗಳ ಗತಿ? ಸಂಶೋಧಕ ಜಾನ್ ಫೋರ್ಟ್ನಿ ಮತ್ತು ಅವರ ಸಂಗಡಿಗರು ಮನೋವೈದ್ಯರು, ಫಾರ್ಮಸಿಸ್ಟ್, ನರ್ಸ್ ಎಲ್ಲರನ್ನೂ ದೂರದಲ್ಲೇ ಕೂರಿಸಿ, ಫೋನ್ ಮತ್ತು ವಿಡಿಯೋ ಮೂಲಕ ಕ್ಲಿನಿಕ್‌ಗಳಿಗೆ ಜೋಡಿಸಿದರು. 2015ರಲ್ಲಿ ಪ್ರಕಟವಾದ ಅವರ ಪಿಟಿಎಸ್‌ಡಿ ಅಧ್ಯಯನದಲ್ಲಿ 11 ಕ್ಲಿನಿಕ್‌ಗಳ 265 ಮಾಜಿ ಸೈನಿಕರಿದ್ದರು. ಪುರಾವೆ ಇರುವ ಮಾತಿನ ಚಿಕಿತ್ಸೆ ಈ ಗುಂಪಿನಲ್ಲಿ ನೂರಕ್ಕೆ ಸುಮಾರು 55 ಜನರನ್ನು ತಲುಪಿತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಸುಮಾರು 12. ಲಕ್ಷಣಗಳು ಇಳಿದದ್ದೂ ದೂರದ ತಂಡ ನೋಡಿಕೊಂಡ ಗುಂಪಿನಲ್ಲೇ ಜಾಸ್ತಿ. ಹತ್ತಿರ ಅಂದರೆ ಒಂದೇ ಕಟ್ಟಡ ಆಗಬೇಕಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಇಲ್ಲೇ.

ಪಿಎಚ್‌ಕ್ಯೂ-9 ಹಾಳೆಯ ಒಂಬತ್ತನೇ ಪ್ರಶ್ನೆ, ಸತ್ತರೆ ಮೇಲು ಅನ್ನಿಸಿದೆಯಾ ಅಂತ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನುವುದು ತಪ್ಪು ನಂಬಿಕೆ. ಅಮೆರಿಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ಮಾಜಿ ಸೈನಿಕರಲ್ಲಿ ನೂರಕ್ಕೆ ಸುಮಾರು 70 ಜನ ಬಳಸಿದ್ದು ಬಂದೂಕು. ಹಾಗಾಗಿ ಈ ಪ್ರಶ್ನೆಗೆ ‘ಹೌದು’ ಅಂದವರ ಹತ್ತಿರ ಬಂದೂಕಿನ ಮಾತೂ ಬರುತ್ತದೆ. ಎಲ್ಲಿಟ್ಟಿದ್ದೀರಿ? ಗುಂಡು ಬೇರೆ ಇಟ್ಟಿದ್ದೀರಾ? ಬಂದೂಕಿಗೆ ಹಾಕುವ ಬೀಗವನ್ನು ಇಲಾಖೆ ಪುಕ್ಕಟೆ ಕೊಡುತ್ತದೆ. ಸಾಯಬೇಕು ಅನ್ನುವ ತುಡಿತ ಎಷ್ಟೋ ಸಲ ಕೆಲವೇ ನಿಮಿಷದ್ದು. ಬೀಗದ ಕೈ ಹುಡುಕುವಷ್ಟು ಹೊತ್ತು ಸಿಕ್ಕರೂ ಒಂದು ಜೀವ ಉಳಿಯಬಹುದು.