ಪೆನ್ಸಿಲ್ ಮೊನೆ ನುಂಗಿದರೆ ಸೀಸದ ವಿಷ ಏರುತ್ತದೆಯೇ?

ಪ್ರಶ್ನೆ: ನನ್ನ ಮಗಳು ಒಂದನೇ ಕ್ಲಾಸು. ಬರೆಯಲು ಕೂತಾಗೆಲ್ಲ ಪೆನ್ಸಿಲ್ ಕಚ್ಚುತ್ತಾಳೆ. ನಿನ್ನೆ ಮೊನೆ ಮುರಿದು ನುಂಗಿಯೇಬಿಟ್ಟಳು. "ಅದರಲ್ಲಿ ಸೀಸ ಇರುತ್ತೆ, ವಿಷ" ಅಂತ ನಮ್ಮತ್ತೆ ಗಾಬರಿಯಾಗಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಪೆನ್ಸಿಲ್ ಮೊನೆಯಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಸುಟ್ಟು ತಯಾರಿಸಿದ್ದು. ಹೊಟ್ಟೆಯಲ್ಲಿ ಕರಗದೆ, ಒಳಗೆ ಹೋದ ಹಾಗೇ ಹೊರಗೆ ಬರುತ್ತದೆ. ತುಂಡು ಗಂಟಲಲ್ಲಿ ಸಿಕ್ಕಿ ಕೆಮ್ಮು ನಿಲ್ಲದಿದ್ದರೆ, ಉಸಿರಾಡಲು ಕಷ್ಟವಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡಬೇಕು.

ಗ್ರಾಫೈಟ್ ಅಂದರೆ ಬರೀ ಇಂಗಾಲ. ವಜ್ರವೂ ಇಂಗಾಲವೇ, ಆದರೆ ಅದರ ಕಟ್ಟು ಬಲು ಗಟ್ಟಿ. ಗ್ರಾಫೈಟ್ ಚಿರೋಟಿಯ ಹಾಗೆ, ಪದರದ ಮೇಲೆ ಪದರ. ಕಾಗದಕ್ಕೆ ಒತ್ತಿ ಎಳೆದರೆ ಪದರಗಳು ಜಾರಿ ಅಲ್ಲೇ ಅಂಟಿಕೊಳ್ಳುತ್ತವೆ. ನಾವು ಓದುವ ಅಕ್ಷರ ಅದೇ. ಚಿಕ್ಕವರಿದ್ದಾಗ ಹಳೇ ಸೆಲ್ ಒಡೆದು, ಒಳಗಿನ ಕಪ್ಪು ಕಡ್ಡಿಯಿಂದ ಗೋಡೆ ಮೇಲೆ ಗೀಚಿದ್ದು ನೆನಪಿದೆಯಾ? ಆ ಕಡ್ಡಿಯೂ ಇಂಗಾಲದ್ದೇ.

ಹಾಗಾದರೆ ಸೀಸದ ಹೆಸರು ಎಲ್ಲಿಂದ ಬಂತು? 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬ ಬೆಟ್ಟದ ಸೀಮೆಯಲ್ಲಿ ಅಪ್ಪಟ ಗ್ರಾಫೈಟ್ ಸಿಕ್ಕಿತು. ಅಲ್ಲಿಯ ಕುರುಬರು ಕುರಿಗಳ ಮೈಮೇಲೆ ಗುರುತು ಹಾಕಲು ಅದನ್ನು ಬಳಸುತ್ತಿದ್ದರು. ಬೂದುಗಪ್ಪು ಬಣ್ಣ, ಲೋಹದ ಹೊಳಪು, ಮುಟ್ಟಿದರೆ ಕೈಗೆ ಅಂಟುವ ಮೆದು ಕಲ್ಲು. ಸೀಸವೂ ಮೆದು ಲೋಹ. ಅದರ ತುಂಡಿನಿಂದ ಎಳೆದರೂ ಬೂದು ಗೆರೆ ಬೀಳುತ್ತದೆ, ಹಿಂದಿನ ಕಾಲದಲ್ಲಿ ಹಾಳೆಗೆ ಗೆರೆ ಹಾಕಲು ಅದನ್ನು ಬಳಸುತ್ತಲೂ ಇದ್ದರು. ಹಾಗಾಗಿ ಇದೂ ಒಂದು ಬಗೆಯ ಸೀಸವೇ ಇರಬೇಕು ಅಂದುಕೊಂಡರು. ಸ್ವಿಟ್ಜರ್ಲೆಂಡಿನ ಪಂಡಿತ ಕಾನ್ರಾಡ್ ಗೆಸ್ನರ್ 1565ರಲ್ಲಿ ಪೆನ್ಸಿಲಿನ ಚಿತ್ರ ಬರೆದು ವಿವರಿಸಿದಾಗಲೂ ಅದನ್ನು ಒಂದು ತರಹದ ಸೀಸ ಎಂದೇ ಕರೆದ.

ಇದು ಇಂಗಾಲ ಎಂದು ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ ತೋರಿಸಿಕೊಟ್ಟಿದ್ದು 1779ರಲ್ಲಿ. ಹತ್ತು ವರ್ಷಕ್ಕೆ ಜರ್ಮನಿಯ ವೆರ್ನರ್ 'ಗ್ರಾಫೈಟ್' ಎಂಬ ಹೆಸರು ಕೊಟ್ಟ. ಬರೆಯುವುದಕ್ಕೆ ಗ್ರೀಕಿನಲ್ಲಿರುವ ಮಾತಿನಿಂದ ಬಂದ ಹೆಸರದು. ಅಷ್ಟು ಹೊತ್ತಿಗೆ ತಡವಾಗಿತ್ತು, ಸೀಸ ಎಂಬ ಹೆಸರು ಬಾಯಿಗೆ ಕೂತುಬಿಟ್ಟಿತ್ತು. ಪೆನ್ಸಿಲಿಗೆ ಜರ್ಮನ್ನರು ಇಂದಿಗೂ 'ಬ್ಲೈಷ್ಟಿಫ್ಟ್' ಅನ್ನುತ್ತಾರೆ, ಅಂದರೆ ಸೀಸದ ಕಡ್ಡಿ. ಮರಾಠಿಯಲ್ಲಿ 'ಶಿಸಪೆನ್ಸಿಲ್'. ಕನ್ನಡದಲ್ಲೂ 'ಸೀಸದ ಕಡ್ಡಿ' ಎಂಬ ಮಾತಿದೆ. ಅಂಗಡಿಯಲ್ಲಿ ಪೆನ್ ಪೆನ್ಸಿಲಿಗೆ ಹಾಕುವ ಕಡ್ಡಿಯನ್ನು 'ಲೆಡ್' ಎಂದೇ ಕೇಳುತ್ತೇವೆ ಅಲ್ವಾ? ಹಾಗಾಗಿ ನಿಮ್ಮತ್ತೆ ಹೆದರಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಸೀಸ ವಿಷ ಎಂದು ಅವರಿಗೆ ಗೊತ್ತಿದೆ, ಅದು ನಿಜವೂ ಹೌದು. ನಮ್ಮ ಬಳಪದ ಹೆಸರಿನಲ್ಲಿ ಈ ತೊಂದರೆ ಇಲ್ಲ. ಅದು ಬಳಪದ ಕಲ್ಲಿನಿಂದಲೇ ಬಂದದ್ದು. ಬೇಲೂರು, ಹಳೇಬೀಡಿನ ಗುಡಿಗಳನ್ನು ಕೆತ್ತಿದ್ದೂ ಅಂಥ ಕಲ್ಲಿನಲ್ಲೇ.

ಪೆನ್ಸಿಲ್ ಚುಚ್ಚಿದ ಜಾಗದ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ನನ್ನ ಎಡ ಅಂಗೈಯಲ್ಲೂ ಮೂರನೇ ಕ್ಲಾಸಿನಲ್ಲಿ ಚುಚ್ಚಿಕೊಂಡ ನೀಲಿ ಚುಕ್ಕೆ ಹಾಗೇ ಇದೆ. ಗ್ರಾಫೈಟ್ ಚೂರು ಚರ್ಮದೊಳಗೆ ಉಳಿದು ಹಚ್ಚೆಯ ಹಾಗೆ ಕಾಣುತ್ತದೆ, ಅಷ್ಟೇ. ಗಾಯವಾದಾಗ ಸೋಪು ನೀರಲ್ಲಿ ತೊಳೆದರೆ ಸಾಕು. ಮೊನೆ ಒಳಗೇ ಮುರಿದಿದ್ದರೆ, ಕೀವಾದರೆ ವೈದ್ಯರಿಗೆ ತೋರಿಸಿ. ಕಣ್ಣಿಗೆ ಚುಚ್ಚಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ಪೆನ್ಸಿಲಿನ ಒಳಗೆ ಸೀಸ ಇರದಿದ್ದರೂ ಹೊರಗಿನ ಬಣ್ಣದಲ್ಲಿ ಇರಬಹುದು. ಹಿಂದೆ ಪೆನ್ಸಿಲಿಗೆ ಬಳಿಯುವ ಬಣ್ಣಕ್ಕೂ ಸೀಸ ಸೇರಿಸುತ್ತಿದ್ದರು. ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಅಂದರೆ ಅದಕ್ಕೂ ಹಿಂದೆ ಬಳಿದ ಕಿಟಕಿ, ಬಾಗಿಲು, ತೊಟ್ಟಿಲಿನ ಬಣ್ಣದಲ್ಲಿ ಸೀಸ ಜಾಸ್ತಿ ಇರುವ ಸಾಧ್ಯತೆ ಇದೆ. ಆ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿ ಧೂಳಾಗುತ್ತದೆ. ಅಂಬೆಗಾಲಿಡುವ ಮಗು ಆ ಧೂಳು ಮೆತ್ತಿದ ಕೈಯನ್ನೇ ಬಾಯಿಗಿಡುತ್ತದೆ. ಹಳದಿ ಎದ್ದು ಕಾಣಲಿ ಎಂದು ಅರಿಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಕೆಲವು ಕುಂಕುಮ, ಸಿಂಧೂರಗಳ ಕೆಂಪೂ ಸೀಸದ್ದೇ. ಮನೆ ಪಕ್ಕ ಹಳೇ ಬ್ಯಾಟರಿ ಒಡೆದು ಕರಗಿಸುವ ಜಾಗ ಇದ್ದರಂತೂ ಮಕ್ಕಳನ್ನು ಅತ್ತ ಬಿಡಲೇಬಾರದು. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಬೆಳೆಯುವ ಮಿದುಳನ್ನು ಕೆಡಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ನಿಮ್ಮ ಮಗಳಿಗೆ ಬಣ್ಣ ಬಳಿಯದ, ಬರೀ ಮರದ ಪೆನ್ಸಿಲ್ ಸಿಕ್ಕರೆ ಕೊಡಿಸಿ. ಬೈಯಬೇಡಿ, ಬೈದರೆ ಕಚ್ಚುವುದು ಇನ್ನೂ ಹೆಚ್ಚಬಹುದು. ಅವಳು ಪೆನ್ಸಿಲ್ ಕಚ್ಚುವುದಲ್ಲದೆ ಬಳಪ, ಮಣ್ಣು, ಗೋಡೆಯ ಸುಣ್ಣವನ್ನೂ ತಿನ್ನುತ್ತಾಳಾ, ಸ್ವಲ್ಪ ಗಮನಿಸಿ. ಹಾಗಿದ್ದರೆ ರಕ್ತಹೀನತೆ ಇರಬಹುದು, ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ಕಬ್ಬಿಣದ ಅಂಶ ಕಡಿಮೆ ಇರುವ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ನಿಮ್ಮದು ಹಳೇ ಮನೆಯಾಗಿದ್ದು ಬಣ್ಣ ಉದುರುತ್ತಿದ್ದರೆ, ಸೀಸದ ರಕ್ತಪರೀಕ್ಷೆಯೂ ಬೇಕಾ ಎಂದು ಅವರನ್ನೇ ಕೇಳಿ.