ಆಶ್ರಯ ಕೊಟ್ಟವರೇ ಬಾಗಿಲು ಮುಚ್ಚಿದರು: ಮುಸ್ಲಿಂ ಬ್ರದರ್‌ಹುಡ್ ಮತ್ತು ಅರಬ್ ರಾಷ್ಟ್ರಗಳು

2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೈನ್ ಹಾಗೂ ಈಜಿಪ್ಟ್ ಕತಾರ್‌ನೊಂದಿಗಿನ ಸಂಬಂಧವನ್ನು ಕಡಿದುಕೊಂಡವು. ಕತಾರ್‌ಗೆ ಇರುವ ಏಕೈಕ ಭೂಗಡಿ ಸೌದಿಯೊಂದಿಗಿನದು; ಅದೂ ಮುಚ್ಚಿತು. ಸೌದಿಯಿಂದ ಬರುತ್ತಿದ್ದ ಹಾಲು ನಿಂತುಹೋಗಿ, ದೋಹಾದ ಅಂಗಡಿಗಳಲ್ಲಿ ಕೆಲವೇ ದಿನಗಳಲ್ಲಿ ಟರ್ಕಿಯ ಹಾಲು ಕಾಣಿಸಿಕೊಂಡಿತು. ಮುಂದಿನ ತಿಂಗಳು ಹಸುಗಳನ್ನೇ ವಿಮಾನದಲ್ಲಿ ತರಿಸಲಾಯಿತು. ಅಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೂ ಈ ದಿಗ್ಬಂಧನದ ಬಿಸಿ ತಟ್ಟಿತು. ಕತಾರ್ ಮೇಲಿದ್ದ ಪ್ರಮುಖ ಆರೋಪಗಳಲ್ಲೊಂದು, ಅದು ಇಸ್ಲಾಮಿನ ಆಧಾರದಲ್ಲಿ ರಾಜ್ಯ ಕಟ್ಟಬೇಕೆನ್ನುವ ಮುಸ್ಲಿಂ ಬ್ರದರ್‌ಹುಡ್ ಸಂಘಟನೆಯನ್ನು ಪೋಷಿಸುತ್ತಿದೆ ಎಂಬುದಾಗಿತ್ತು.

ಆ ಸಂಘಟನೆ ಹುಟ್ಟಿದ್ದು 1928ರಲ್ಲಿ, ಈಜಿಪ್ಟಿನ ಸೂಯೆಜ್ ಕಾಲುವೆಯ ದಂಡೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ. ಒಂದೆಡೆ ಬ್ರಿಟಿಷ್ ಸೇನಾ ಶಿಬಿರ, ಇನ್ನೊಂದೆಡೆ ಕಾಲುವೆ ಕಂಪನಿಯ ವಿದೇಶಿ ಅಧಿಕಾರಿಗಳ ಬಂಗಲೆಗಳು. ಅರಬರ ಕೇರಿಯ ಬೀದಿ ಫಲಕಗಳು ಕೂಡ ಪರಭಾಷೆಯಲ್ಲಿದ್ದವು. ಅಲ್ಲಿನ ಶಾಲೆಗೆ ಮೇಷ್ಟರಾಗಿ ಬಂದಿದ್ದ 21 ವರ್ಷದ ಹಸನ್ ಅಲ್ ಬನ್ನಾ ಆರು ಮಂದಿ ದುಡಿಮೆಗಾರರೊಡನೆ ಅದನ್ನು ಕಟ್ಟಿದರು. ಸಂಘಟನೆಯ ಮಸೀದಿಗೆಂದು ಅದೇ ಕಾಲುವೆ ಕಂಪನಿ 500 ಈಜಿಪ್ಟ್ ಪೌಂಡ್ ದೇಣಿಗೆ ಕೊಟ್ಟದ್ದು ಗಮನಾರ್ಹ. ಪರಕೀಯ ಆಳ್ವಿಕೆಯ ಅವಮಾನವನ್ನು ಬದಿಗಿಟ್ಟು, ಕೇವಲ ಧರ್ಮಗ್ರಂಥಗಳಿಂದ ಈ ರಾಜಕಾರಣವನ್ನು ಅರ್ಥಮಾಡಿಕೊಳ್ಳಲು ಹೊರಟರೆ ನಾವು ಎಡವುತ್ತೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1948ರ ಡಿಸೆಂಬರಿನಲ್ಲಿ ಸಂಘಟನೆಯ ಸದಸ್ಯನೊಬ್ಬ ಪ್ರಧಾನಿ ನುಕ್ರಾಶಿ ಪಾಷಾ ಅವರನ್ನು ಕೊಂದ. ಎರಡು ತಿಂಗಳೊಳಗೆ ಬನ್ನಾ ಅವರ ಹತ್ಯೆಯಾಯಿತು. 1954ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಈಜಿಪ್ಟಿನ ನಾಯಕ ನಾಸರ್ ಮೇಲೆ ಗುಂಡು ಹಾರಿದ ನಂತರ ಸಾವಿರಾರು ಕಾರ್ಯಕರ್ತರು ಸೆರೆಮನೆ ಸೇರಿದರು. 1966ರಲ್ಲಿ ಸಂಘಟನೆಯ ಚಿಂತಕ ಸಯ್ಯಿದ್ ಕುತುಬ್ ಅವರನ್ನು ಗಲ್ಲಿಗೇರಿಸಲಾಯಿತು.

ತಪ್ಪಿಸಿಕೊಂಡವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟದ್ದು ಸೌದಿ ಅರೇಬಿಯಾ. ಅರಬ್ ರಾಷ್ಟ್ರೀಯತೆಯ ಹೆಸರಿನಲ್ಲಿ ದೊರೆತನಗಳನ್ನೇ ಅಲುಗಾಡಿಸುತ್ತಿದ್ದ ನಾಸರ್, 1962ರಿಂದ ಯಮನ್ ಯುದ್ಧದಲ್ಲಿ ಸೌದಿಯ ಎದುರು ಪಕ್ಷದಲ್ಲಿದ್ದರು. ಅವರ ವಿರೋಧಿಗಳು ಸಹಜವಾಗಿಯೇ ರಿಯಾದ್‌ಗೆ ಬೇಕಾದವರಾದರು. ಕುತುಬ್ ಅವರ ತಮ್ಮ ಮಹಮ್ಮದ್ ಕುತುಬ್ ಮುಂದೆ ಸೌದಿಯ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳಿದರು. ಈಜಿಪ್ಟಿನ ವಿದ್ವಾಂಸ ಯೂಸುಫ್ ಅಲ್ ಕರ್ದಾವಿ 1961ರಲ್ಲಿ ಕತಾರ್‌ಗೆ ಹೋಗಿ ನೆಲೆಸಿದರು. ಮುಂದೆ ಕತಾರಿನ ಅಲ್ ಜಜೀರಾ ವಾಹಿನಿ ಅವರ ಮಾತನ್ನು ಅರಬ್ ಜಗತ್ತಿನ ಮನೆಮನೆಗೆ ಮುಟ್ಟಿಸಿತು.

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸೌದಿ ನೆಲಕ್ಕೆ ಅಮೆರಿಕದ ಸೇನೆ ಬಂತು. ಬ್ರದರ್‌ಹುಡ್‌ನ ಹಲವು ಶಾಖೆಗಳು ಇದನ್ನು ವಿರೋಧಿಸಿದವು, ಉಂಡ ಮನೆಗೆ ಎರಡು ಬಗೆದರೆಂಬ ಸಿಟ್ಟು ರಿಯಾದ್‌ನಲ್ಲಿ ಉಳಿಯಿತು. ಆದರೆ ಅರಸರನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು 2012ರ ಚುನಾವಣೆ. ಬ್ರದರ್‌ಹುಡ್‌ನ ಮಹಮ್ಮದ್ ಮುರ್ಸಿ ಶೇ 51.7ರಷ್ಟು ಮತ ಪಡೆದು ಈಜಿಪ್ಟಿನ ಅಧ್ಯಕ್ಷರಾದರು. ಧರ್ಮದ ಹೆಸರಿನಲ್ಲೇ ಮತ ಕೇಳಿ ಗೆಲ್ಲಬಹುದೆಂದಾದರೆ, ಅದೇ ಧರ್ಮದ ಹೆಸರಿನಲ್ಲಿ ಮತವಿಲ್ಲದೆ ಆಳುವವರ ಅಡಿಗಲ್ಲು ಸಡಿಲವಾಗುತ್ತದೆ. 2013ರ ಜುಲೈ 3ರಂದು ಸೇನೆ ಮುರ್ಸಿಯನ್ನು ಇಳಿಸಿದಾಗ ಸೌದಿ, ಯುಎಇ, ಕುವೈತ್ ಸೇರಿ 12 ಶತಕೋಟಿ ಡಾಲರ್ ನೆರವು ಘೋಷಿಸಿದವು. ಆಗಸ್ಟ್ 14ರಂದು ಕೈರೋದ ರಾಬಾ ಚೌಕದಲ್ಲಿ ಮುರ್ಸಿ ಪರವಾಗಿ ಧರಣಿ ಕುಳಿತಿದ್ದವರ ಪೈಕಿ ಕನಿಷ್ಠ 817 ಮಂದಿಯನ್ನು ಭದ್ರತಾ ಪಡೆಗಳು ಕೊಂದವೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ.

ಮರುವರ್ಷ ಸೌದಿ ಬ್ರದರ್‌ಹುಡ್ ಅನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು. ಪಲಾಯನ ಮಾಡಿದವರು ಈ ಬಾರಿ ದೋಹಾ ಮತ್ತು ಇಸ್ತಾಂಬುಲ್ ಸೇರಿದರು. ಕತಾರ್ ದಿಗ್ಬಂಧನ 2021ರ ಜನವರಿಯಲ್ಲಿ ಅಲ್ ಉಲಾ ಒಪ್ಪಂದದೊಂದಿಗೆ ತೆರವಾಯಿತು. ಎರಡು ತಿಂಗಳ ಬಳಿಕ, ಕೈರೋದೊಂದಿಗೆ ರಾಜಿಗೆ ಮುಂದಾದ ಟರ್ಕಿ, ಇಸ್ತಾಂಬುಲ್‌ನಿಂದ ಪ್ರಸಾರವಾಗುತ್ತಿದ್ದ ಈಜಿಪ್ಟಿನ ವಿರೋಧಿ ವಾಹಿನಿಗಳಿಗೆ ದನಿ ತಗ್ಗಿಸುವಂತೆ ಸೂಚಿಸಿತು.