ಕಂಟ್ರಿ ಗಿಟಾರ್: ಮೀಟುವ ಕೈಗೆ ನಿಲ್ಲಿಸಲೂ ಬರಬೇಕು

ಮಂಜೇಶ್ವರ, ಬೇಳ, ಕುಂಬಳೆಯ ಕಡೆ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಎಂದರೆ ಹಿರಿಯರಿಗೆ ನೆನಪಾಗುವುದು ಜಿಮ್ ರೀವ್ಸ್. 1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಆ ಗಾಯಕನ ಹಾಡುಗಳು ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಅವುಗಳಲ್ಲಿ ಕಂಠದ್ದೇ ಯಜಮಾನಿಕೆ, ಗಿಟಾರ್ ಹಿಂದೆ ಸರಿದು ಕುಳಿತಿರುತ್ತದೆ. ನನ್ನ ಬಳಿ ಕಲಿಯಲು ಬರುವ ಈಗಿನ ಮಕ್ಕಳು ಮೊಬೈಲಿನಲ್ಲಿ ನೋಡಿ ಮರುಳಾಗಿರುವುದು ಅದೇ ವಂಶದ ಇನ್ನೊಂದು ಕವಲಿಗೆ: ಟೆಲಿಕಾಸ್ಟರ್ ಗಿಟಾರಿನಿಂದ ಚಟಪಟನೆ ಸಿಡಿಯುವ ಲೀಡ್ ವಾದನಕ್ಕೆ, ಅಂದರೆ ಗಿಟಾರೇ ಮುಂದೆ ನಿಂತು ರಾಗ ನುಡಿಸುವುದಕ್ಕೆ. "ಮಾಸ್ಟ್ರೇ, ಇಷ್ಟು ವೇಗ ಹೇಗೆ ಬರುತ್ತದೆ?" ಎಂಬುದು ಎಲ್ಲರ ಪ್ರಶ್ನೆ. ಕೇಳುವಾಗ ಅವರ ಕಣ್ಣು ಪರದೆಯ ಮೇಲೆ ವಾದಕನ ಎಡಗೈಯನ್ನೇ ನೋಡುತ್ತಿರುತ್ತದೆ.

ಅದೇ ವಿಡಿಯೊವನ್ನು ಅರ್ಧ ವೇಗಕ್ಕೆ ಇಳಿಸಿ, ಎಡಗೈಯ ಭಾಗವನ್ನು ಒಂದು ಕಾಗದದಿಂದ ಮುಚ್ಚಿ ನೋಡಿ ಎನ್ನುತ್ತೇನೆ. ಆಗ ಕಾಣುವ ಬಲಗೈ ಅಷ್ಟೇನೂ ಓಡಾಡುತ್ತಿರುವುದಿಲ್ಲ. ಬೆರಳುಗಳು ತಂತಿಗಳಿಗೆ ಅಂಟಿಕೊಂಡೇ ಇದ್ದು, ಒಂದೊಂದಾಗಿ ಬಿಟ್ಟು ಮತ್ತೆ ಹಿಡಿಯುತ್ತವೆ. ವೇಗವೆಂದು ನಮಗೆ ಕೇಳಿಸುವುದರಲ್ಲಿ ಬಹುಪಾಲು ಸ್ವರಗಳ ನಡುವಿನ ಕಡಿತ. ಒಂದು ಸ್ವರ ಪೂರ್ತಿ ನಿಂತ ಮೇಲೆ ಮುಂದಿನದು ಹುಟ್ಟಿದರೆ ಎರಡೂ ಚುರುಕಾಗಿ ಕೇಳುತ್ತವೆ. ಹಿಂದಿನದು ಇನ್ನೂ ಮೊಳಗುತ್ತಿರುವಾಗಲೇ ಹುಟ್ಟಿದರೆ ಎಷ್ಟು ಬೇಗ ನುಡಿಸಿದರೂ ಕಲಸುಮೇಲೋಗರ. ಕಂಟ್ರಿ ಲೀಡ್ ಕಲಿಯುವವರ ಬಲಗೈಗೆ ನಾದ ಎಬ್ಬಿಸಲು ಎಷ್ಟು ತಿಳಿದಿರಬೇಕೋ ಅದನ್ನು ನಿಲ್ಲಿಸಲೂ ಅಷ್ಟೇ ತಿಳಿದಿರಬೇಕು.

ನಮ್ಮ ಕಡೆಯ ಗಾನಮೇಳ, ಆರ್ಕೆಸ್ಟ್ರಾಗಳಲ್ಲಿ ಪಳಗಿದ ಹುಡುಗರಿಗೆ ಇದು ಮೊದಲಿಗೆ ಕಷ್ಟ. ಅವರ ಅಭ್ಯಾಸವೆಲ್ಲ ಡಿಸ್ಟಾರ್ಶನ್ ಪೆಡಲ್ ಒತ್ತಿಕೊಂಡು ನಡೆದಿರುತ್ತದೆ. ಡಿಸ್ಟಾರ್ಶನ್ ಧ್ವನಿಯನ್ನು ಹಿಗ್ಗಿಸಿ, ಏರುಪೇರುಗಳನ್ನು ಸಮತಟ್ಟು ಮಾಡಿ, ಕೈಯ ತಪ್ಪುಗಳಿಗೆ ಮುಸುಕು ಹಾಕುತ್ತದೆ. ಕಂಟ್ರಿಯಲ್ಲಿ ಬಳಸುವುದು ಶುಭ್ರವಾದ, ತುಸು ಮೊನಚಾದ ಧ್ವನಿ. ಫೆಂಡರ್ ಕಂಪನಿ 1950ರ ಸುಮಾರಿಗೆ ತಂದ ಗಿಟಾರಿನಲ್ಲಿ ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಆಧಾರ) ಬಳಿಯ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಓರೆಯಾಗಿ, ಲೋಹದ ತಟ್ಟೆಯೊಂದರ ಮೇಲೆ ಕೂತಿತ್ತು. ಬ್ರಾಡ್‌ಕಾಸ್ಟರ್ ಎಂಬ ಅದರ ಹೆಸರಿಗೆ ಗ್ರೆಚ್ ಕಂಪನಿಯ ಡ್ರಮ್ಮುಗಳ ಹೆಸರಿನಿಂದ ತಕರಾರು ಬಂದಾಗ ಅದು ಟೆಲಿಕಾಸ್ಟರ್ ಆಯಿತು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಬಕ್ ಓವೆನ್ಸ್ ಮತ್ತು ಡಾನ್ ರಿಚ್ ಈ ಚೂಪು ಧ್ವನಿಯನ್ನೇ ತಮ್ಮ ಗುರುತಾಗಿಸಿಕೊಂಡರು. ಕುಡಿತ ಕುಣಿತದ ಸದ್ದನ್ನು ಸೀಳಿಕೊಂಡು ಹೋಗುವ ಆ ಧ್ವನಿ ವಾದಕನ ಬಲಗೈಯಲ್ಲಿರುವ ಪ್ರತಿಯೊಂದು ಕುಂದನ್ನೂ ಎತ್ತಿ ತೋರಿಸುತ್ತದೆ.

ಹಿಡಿತದಿಂದ ಆರಂಭಿಸೋಣ. ತಂತಿ ಮೀಟುವ ಪುಟ್ಟ ಬಿಲ್ಲೆ, ಅಂದರೆ ಪಿಕ್, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇರಲಿ, ತುದಿ ಮಾತ್ರ ಹೊರಗೆ ಕಾಣಲಿ. ನಡುಬೆರಳು ಮತ್ತು ಉಂಗುರ ಬೆರಳು ಸಡಿಲವಾಗಿ ಬಾಗಿ ತೆಳು ತಂತಿಗಳ ಮೇಲೆ ಕಾಯುತ್ತಿರಲಿ. ಪಿಕ್ ಕೆಳಮುಖವಾಗಿ ಹೊಡೆಯುತ್ತದೆ, ಬೆರಳುಗಳು ಮೇಲ್ಮುಖವಾಗಿ ಎಳೆಯುತ್ತವೆ. ಇದನ್ನೇ ಹೈಬ್ರಿಡ್ ಪಿಕ್ಕಿಂಗ್ ಎನ್ನುವುದು. ಬರಿಯ ಪಿಕ್ಕಿನಲ್ಲಿ ನಾಲ್ಕನೆಯ ತಂತಿಯಿಂದ ಮೊದಲನೆಯದಕ್ಕೆ (ತೀರ ತೆಳುವಾದದ್ದೇ ಮೊದಲನೆಯದು) ಹಾರಬೇಕಾದರೆ ನಡುವಿನ ಎರಡನ್ನು ದಾಟಿ ಹೋಗಿ ಮತ್ತೆ ಹಿಂದೆ ಬರಬೇಕು. ಇಲ್ಲಿ ಹಾರಾಟವೇ ಇಲ್ಲ, ಉಂಗುರ ಬೆರಳು ಮೊದಲೇ ಅಲ್ಲಿ ಕುಳಿತಿರುತ್ತದೆ. ತೆಳುವಾದ ಪಿಕ್ ಈ ಕೆಲಸಕ್ಕೆ ಬಾರದು. ಅದು ಬಾಗಿ ಹಿಂದಿರುಗುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತದೆ. ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ್ದನ್ನು ನಾನು ಸೂಚಿಸುವುದಿಲ್ಲ.

ಎಲ್ಲ ದೊಡ್ಡ ವಾದಕರೂ ಹೀಗೆಯೇ ಹಿಡಿಯುತ್ತಾರೆ ಎಂದೇನಿಲ್ಲ. ಜೇಮ್ಸ್ ಬರ್ಟನ್ ಚಪ್ಪಟೆ ಪಿಕ್ಕಿನ ಜೊತೆಗೆ ನಡುಬೆರಳಿಗೆ ಲೋಹದ ಫಿಂಗರ್ ಪಿಕ್ ತೊಡುತ್ತಿದ್ದರು. ಚೆಟ್ ಅಟ್ಕಿನ್ಸ್ ಹೆಬ್ಬೆರಳಿಗೆ ತೊಡುವ ಥಂಬ್ ಪಿಕ್ಕಿನಲ್ಲಿ ನುಡಿಸಿದರು, ನ್ಯಾಶ್‌ವಿಲ್ಲಿನ ಸ್ಟುಡಿಯೊ ವಾದಕ ಬ್ರೆಂಟ್ ಮೇಸನ್ ಅವರದೂ ಅದೇ ದಾರಿ. ಥಂಬ್ ಪಿಕ್ಕಿನಿಂದ ತೋರುಬೆರಳು ಬಿಡುವಾಗುತ್ತದೆ, ಆದರೆ ವೇಗವಾಗಿ ಕೆಳಗೆ ಮೇಲೆ ಹೊಡೆಯಲು ಅದನ್ನು ಒಗ್ಗಿಸಿಕೊಳ್ಳಲು ಸಮಯ ಬೇಕು. ಈಗಾಗಲೇ ಚಪ್ಪಟೆ ಪಿಕ್ ಹಿಡಿದು ಅಭ್ಯಾಸವಾದವರು ಅದನ್ನು ಬಿಡಬೇಕಾಗಿಲ್ಲ.

ಈಗ ಮುಖ್ಯ ಸಂಗತಿಗೆ ಬರೋಣ. ಕಂಟ್ರಿ ಲೀಡಿನಲ್ಲಿ ಹೇಂಟೆ ಕೊಕ್ಕರಿಸಿದಂತೆ ಕೇಳುವ ಆ ಕಡಿದ ಧ್ವನಿ ಬರುವುದು ಒಂದು ಸತ್ತ ಹೊಡೆತ ಮತ್ತು ಒಂದು ಜೀವಂತ ಎಳೆತದ ಜೋಡಿಯಿಂದ. ಮೂರನೆಯ ತಂತಿಯ ಆರನೆಯ ಫ್ರೆಟ್ಟನ್ನು (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎಡಗೈಯಿಂದ ಗಟ್ಟಿಯಾಗಿ ಒತ್ತಿ. ಬಲಗೈಯ ನಡುಬೆರಳ ತುದಿಯನ್ನು ಅದೇ ತಂತಿಯ ಮೇಲೆ, ಪಿಕ್ಕಿನ ಪಕ್ಕದಲ್ಲೇ ಇರಿಸಿ. ಬೆರಳು ತಂತಿಗೆ ತಾಗಿರುವಾಗಲೇ ಪಿಕ್ಕಿನಿಂದ ಕೆಳಕ್ಕೆ ಹೊಡೆಯಿರಿ. ಸ್ವರ ಬರಬಾರದು, ‘ಟಿಕ್’ ಎಂಬ ಒಣ ಸದ್ದು ಮಾತ್ರ ಬರಬೇಕು. ಈಗ ಅದೇ ನಡುಬೆರಳು ತಂತಿಯನ್ನು ತುಸು ಕೊಕ್ಕೆಯಂತೆ ಹಿಡಿದು ಹೊರಕ್ಕೆ ಎಳೆದು ಬಿಡಲಿ. ತಂತಿ ಫ್ರೆಟ್ಟಿಗೆ ಬಡಿದು ‘ಟಾಂ’ ಎನ್ನುತ್ತದೆ. ಮರುಕ್ಷಣವೇ ಬೆರಳು ಮತ್ತೆ ತಂತಿಯ ಮೇಲೆ ಬಂದು ಕೂರಬೇಕು. ಆ ಕೂರುವಿಕೆಯೇ ಸ್ವರವನ್ನು ನಿಲ್ಲಿಸುತ್ತದೆ, ಮುಂದಿನ ‘ಟಿಕ್’ಗೆ ಸಿದ್ಧತೆಯೂ ಆಗುತ್ತದೆ. ಟಿಕ್-ಟಾಂ, ಟಿಕ್-ಟಾಂ. ಹೊಸಬರು ತಪ್ಪುವುದು ಈ ಮರಳಿ ಕೂರುವಲ್ಲಿ. ಎಳೆದ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ತಾವು ಎಬ್ಬಿಸಿದ ಸ್ವರವನ್ನು ಕೇಳುತ್ತಾ ನಿಂತುಬಿಡುತ್ತಾರೆ.

ಒತ್ತಡ ಸಡಿಲಿಸಿ ಎಡಗೈಯಿಂದಲೂ ಸತ್ತ ಹೊಡೆತ ತೆಗೆಯಬಹುದು. ಅನೇಕರು ಹಾಗೆ ಕಲಿಸುತ್ತಾರೆ, ಮುಂದೆ ಅದೂ ಬೇಕಾಗುತ್ತದೆ. ಅದರಲ್ಲಿ ಒಂದು ಕೀಟಲೆ ಇದೆ: ಐದು, ಏಳು, ಹನ್ನೆರಡನೆಯ ಫ್ರೆಟ್ಟುಗಳ ಮೇಲೆ ಬೆರಳನ್ನು ಹಗುರವಾಗಿ ಇಟ್ಟರೆ ತಂತಿ ಸಾಯುವುದಿಲ್ಲ, ಗಂಟೆಯಂತೆ ಹಾರ್ಮೋನಿಕ್ ಮೊಳಗುತ್ತದೆ. ಎರಡು ಬೆರಳು ತಾಗಿಸಿದರೆ ಆ ಕಾಟ ತಪ್ಪುತ್ತದೆ. ಏನೇ ಆದರೂ ಬಲಗೈಯ ವಿಧಾನವನ್ನೇ ನಾನು ಮೊದಲು ಕಲಿಸುತ್ತೇನೆ, ಏಕೆಂದರೆ ನಿಲ್ಲಿಸುವ ಹೊಣೆ ಆರಂಭದಿಂದಲೇ ಆ ಕೈಯ ಮೇಲೆ ಬೀಳಬೇಕು.

ಕಿರುಬೆರಳ ವಿಷಯದಲ್ಲಿ ನನಗೆ ಸ್ವಲ್ಪ ಹಟವಿದೆ. ಬಹಳ ಮಂದಿ ಅದನ್ನು ಗಿಟಾರಿನ ಮೈಗೆ ಊರಿ ನುಡಿಸುತ್ತಾರೆ. ಉಂಗುರ ಬೆರಳು ಮತ್ತು ಕಿರುಬೆರಳ ಸ್ನಾಯುಗಳು ಪೂರ್ತಿ ಸ್ವತಂತ್ರವಲ್ಲ. ಮೇಜಿನ ಮೇಲೆ ಕಿರುಬೆರಳನ್ನು ಬಲವಾಗಿ ಒತ್ತಿ ಹಿಡಿದು ಉಂಗುರ ಬೆರಳನ್ನು ಆಡಿಸಲು ನೋಡಿ, ತಿಳಿಯುತ್ತದೆ. ತಾಗಿಸಿಕೊಂಡರೆ ಅಡ್ಡಿಯಿಲ್ಲ, ಊರಬಾರದು. ಅಂಗೈಯ ಹೊರ ಅಂಚು ಬ್ರಿಜ್ ಮೇಲೆ ಹಗುರವಾಗಿ ಒರಗಿದ್ದರೆ ಕೈಗೆ ನೆಲೆ ಸಿಗುತ್ತದೆ, ದಪ್ಪ ತಂತಿಗಳ ಮೊಳಗೂ ಹದ್ದಿನಲ್ಲಿರುತ್ತದೆ. ಕೂದಲೆಳೆಯಷ್ಟು ಮುಂದೆ ಸರಿದರೆ ಧ್ವನಿ ಮುದುಡುತ್ತದೆ, ಹಿಂದೆ ಸರಿದರೆ ತೆರೆದುಕೊಳ್ಳುತ್ತದೆ. ಟೆಲಿಕಾಸ್ಟರಿನಲ್ಲಿ ವಾಲ್ಯೂಮ್ ಗುಂಡಿ ಕೈಗೆಟಕುವಷ್ಟು ಹತ್ತಿರವಿರುವುದರಿಂದ ಬಿಡುವಾದ ಕಿರುಬೆರಳಿಗೆ ಇನ್ನೊಂದು ಕೆಲಸವೂ ಸಿಗುತ್ತದೆ. ಗುಂಡಿ ಇಳಿಸಿಟ್ಟು ಮೀಟಿ, ನಿಧಾನವಾಗಿ ಏರಿಸಿದರೆ ಸ್ವರ ಪೆಡಲ್ ಸ್ಟೀಲ್ (ಮಲಗಿಸಿಟ್ಟು, ಪೆಡಲ್ ಒತ್ತಿ ಸ್ವರ ಜಾರಿಸುವ ಗಿಟಾರ್) ವಾದ್ಯದ ಹಾಗೆ ಮೆಲ್ಲನೆ ಅರಳುತ್ತದೆ.

ಮುಂದಿನದು ಬ್ಯಾಂಜೊ ವಾದನದಿಂದ ಬಂದ ರೋಲ್, ಅಂದರೆ ಬೆರಳುಗಳು ಸರದಿಯಂತೆ ತಂತಿ ಮೀಟುವ ಕ್ರಮ. ಮೂರನೆಯ ಮತ್ತು ಎರಡನೆಯ ತಂತಿಗಳನ್ನು ತೆರೆದಿಟ್ಟು, ಮೊದಲನೆಯದರ ಮೂರನೆಯ ಫ್ರೆಟ್ ಒತ್ತಿದರೆ ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸಿಗುತ್ತದೆ. ಮೂರನೆಯ ತಂತಿಗೆ ಪಿಕ್, ಎರಡನೆಯದಕ್ಕೆ ನಡುಬೆರಳು, ಮೊದಲನೆಯದಕ್ಕೆ ಉಂಗುರ ಬೆರಳು. ಎಂಟು ಹೊಡೆತಗಳನ್ನು ಮೂರು, ಮೂರು, ಎರಡಾಗಿ ಒಡೆಯಬೇಕು. ಇಂಗ್ಲಿಷಿನಲ್ಲಿ ಎಣಿಸುತ್ತಾ ಕುಳಿತರೆ ವಾರವಾದರೂ ಹಿಡಿತಕ್ಕೆ ಬರುವುದಿಲ್ಲ. ‘ತಕಿಟ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಂಡರೆ ಕೈ ತಾನಾಗಿ ಬರುತ್ತದೆ. ‘ತ’ ಬಂದಲ್ಲೆಲ್ಲ ಪಿಕ್. ಮೃದಂಗವನ್ನೋ ಯಕ್ಷಗಾನದ ಮದ್ದಳೆಯನ್ನೋ ಕಲಿತ ಮಕ್ಕಳು ಇಲ್ಲಿ ಉಳಿದವರಿಗಿಂತ ಮುಂದೆ. ಅವರಿಗೆ ನಾನು ಕೊನೆಯ ‘ತಕ’ವನ್ನೂ ತೆಗೆದು ಬರಿಯ ‘ತಕಿಟ’ವನ್ನೇ ನಾಲ್ಕರ ತಾಳದ ಮೇಲೆ ಓಡಿಸಲು ಹೇಳುತ್ತೇನೆ. ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಎಂಟು ಹೊಡೆತದ ಲೆಕ್ಕದಲ್ಲಿ ಅದು ಮೂರು ಬಾರ್ ಮುಗಿದಾಗ ಸರಿಯಾಗಿ ಸಮಕ್ಕೆ ಬಂದು ಕೂಡುತ್ತದೆ. ಕೂಡಿದ ಆ ಗಳಿಗೆಯಲ್ಲಿ ಅವರ ಮುಖ ನೋಡಬೇಕು.

ಪೆಡಲ್ ಸ್ಟೀಲಿನ ಅನುಕರಣೆ ಇಲ್ಲದೆ ಕಂಟ್ರಿ ಲೀಡ್ ಇಲ್ಲ. ಕ್ಲಾರೆನ್ಸ್ ವೈಟ್ ಮತ್ತು ಜೀನ್ ಪಾರ್ಸನ್ಸ್ ಇದಕ್ಕಾಗಿಯೇ, ಭುಜದ ಪಟ್ಟಿ ಎಳೆದರೆ ಎರಡನೆಯ ತಂತಿ ಒಂದು ಸ್ವರ ಮೇಲೇರುವ ಯಂತ್ರವನ್ನು ಗಿಟಾರಿನೊಳಗೆ ಕೂರಿಸಿದರು. ನಮಗೆ ಬೆರಳೇ ಸಾಕು. ಮೂರನೆಯ ತಂತಿಯ ಏಳನೆಯ ಫ್ರೆಟ್, ಎರಡನೆಯ ಮತ್ತು ಮೊದಲನೆಯ ತಂತಿಗಳ ಎಂಟನೆಯ ಫ್ರೆಟ್ ಹಿಡಿದು, ಮೂರನೆಯ ತಂತಿಯನ್ನು ಮಾತ್ರ ಒಂದು ಪೂರ್ಣ ಸ್ವರ ಬಾಗಿಸಿ ಏರಿಸಿದರೆ ಸಿ ಕಾರ್ಡ್ ಆಗುತ್ತದೆ. ಇಷ್ಟು ಹೊತ್ತು ಹೇಳಿದ್ದಕ್ಕೆ ಇಲ್ಲಿ ತದ್ವಿರುದ್ಧ ನಡೆಯಬೇಕು: ಪಿಕ್, ನಡುಬೆರಳು, ಉಂಗುರ ಬೆರಳು ಒಂದರ ಹಿಂದೊಂದು ಮೀಟಿ ದೂರ ಸರಿಯಬೇಕು, ಮೂರೂ ಸ್ವರಗಳು ಒಟ್ಟಿಗೆ ತೇಲಬೇಕು. ಕಾರ್ಡ್ ಬದಲಾಗುವ ಹೊತ್ತಿಗೆ ಮೂರೂ ಬೆರಳು ಒಟ್ಟಿಗೆ ಬಂದು ಮುಚ್ಚಬೇಕು. ಆ ಮುಚ್ಚುವಿಕೆ ತಾಳಕ್ಕೆ ಸರಿಯಾಗಿ ಬೀಳದಿದ್ದರೆ ಇಡೀ ಸಾಲು ಸೊರಗುತ್ತದೆ.

ತಾಳದ ಲೆಕ್ಕ ಹಿಡಿಯುವ ಮೆಟ್ರೋನೋಮ್ ಇಲ್ಲದ ಅಭ್ಯಾಸಕ್ಕೆ ನಾನು ಒಪ್ಪುವುದಿಲ್ಲ. ಆದರೆ ಅದರ ಸದ್ದನ್ನು ಒಂದು ಮತ್ತು ಮೂರರ ಮೇಲಲ್ಲ, ಎರಡು ಮತ್ತು ನಾಲ್ಕರ ಮೇಲೆ ಕೇಳಿಸಿಕೊಳ್ಳಿ. ಹಾಡಿನ ವೇಗ ನಿಮಿಷಕ್ಕೆ 100 ಆದರೆ ಮೆಟ್ರೋನೋಮ್ 50ಕ್ಕೆ ಇಡಬೇಕು. ಡ್ರಮ್ಮಿನ ಸ್ನೇರ್ ಬೀಳುವ ಜಾಗ ಅದು, ‘ಟಾಂ’ ಎಂಬ ಎಳೆತ ಹೆಚ್ಚಾಗಿ ಅದರ ಜೊತೆಗೇ ಬೀಳುತ್ತದೆ. ಮುಂಗೈ ಬಿಗಿದುಕೊಂಡಿತೆಂದರೆ ವೇಗ ಇಳಿಸಿ. ನೋವು ಬಂದರೆ ಆ ದಿನಕ್ಕೆ ಸಾಕು.

ಇನ್ನು ಉಗುರು. ಅಡಿಕೆ ಸುಲಿಯುವ, ತೋಟದ ಕೆಲಸ ಮಾಡುವ ಕೈಗಳಲ್ಲಿ ಉಗುರು ಉಳಿಯುವುದಿಲ್ಲ. ಬದಿಯಡ್ಕ, ಪೆರ್ಲ ಕಡೆಯ ಶಿಷ್ಯರು ಇದನ್ನೊಂದು ಕೊರತೆಯೆಂದು ಹೇಳಿಕೊಳ್ಳುತ್ತಾರೆ. ಕೊರತೆಯೇನಲ್ಲ. ಉಗುರಿದ್ದರೆ ಧ್ವನಿ ಚೂಪು, ಬರಿಯ ಬೆರಳ ತುದಿಯಾದರೆ ದುಂಡು. ಕೆಲಸದಿಂದ ಗಟ್ಟಿಯಾದ ಚರ್ಮದಲ್ಲಿ ಎಳೆದ ತಂತಿಯ ಸಿಡಿತಕ್ಕೆ ಒಂದು ತೂಕವೇ ಇರುತ್ತದೆ. ಉಗುರು ಬಿಡುವವರು ಚರ್ಮದಿಂದ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬಿಡಬಾರದು, ಅಂಚನ್ನು ನಯವಾಗಿ ಉಜ್ಜಿಕೊಳ್ಳಬೇಕು. ತಂತಿಗಳು ತೆಳುವಾಗಿದ್ದಷ್ಟೂ ಬೆರಳಿಗೆ ಹಿತ: ಮೊದಲ ತಂತಿ 0.009 ಅಥವಾ 0.010 ಇಂಚಿನದಾದರೆ ಸಾಕು. ತೆಳು ತಂತಿಗಳ ಕಟ್ಟು ಅಂಗಡಿಯಲ್ಲಿ ಸಿಗದ ಕಾಲದಲ್ಲಿ ಜೇಮ್ಸ್ ಬರ್ಟನ್ ಬ್ಯಾಂಜೊ ತಂತಿಗಳನ್ನೇ ಗಿಟಾರಿಗೆ ಹಾಕಿಕೊಂಡಿದ್ದರು.

ನಮ್ಮ ಕರಾವಳಿಯ ಹವೆ ಈ ವಾದನಕ್ಕೆ ಉಪಕಾರಿಯಲ್ಲ. ಏಪ್ರಿಲ್, ಮೇ ತಿಂಗಳ ಬೆವರಿಗೆ ಪಿಕ್ ಬೆರಳ ನಡುವೆ ತಿರುಗಿ ಓರೆಯಾಗುತ್ತದೆ. ಹಾಗಾದಾಗ ಹುಡುಗರು ಇನ್ನೂ ಬಿಗಿಯಾಗಿ ಅದುಮುತ್ತಾರೆ, ಬಿಗಿತ ನೇರವಾಗಿ ಉಂಗುರ ಬೆರಳಿಗೆ ಹೋಗುತ್ತದೆ. ಮೇಲ್ಮೈ ತರಿತರಿಯಾಗಿರುವ ನೈಲಾನ್ ಪಿಕ್ ಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮಳೆಗಾಲದಲ್ಲಿ ತಂತಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿನ ತಂತಿ ಬೆರಳ ತುದಿಯನ್ನು ಉಜ್ಜುತ್ತದೆ, ಎಳೆದಾಗ ಸರಾಗವಾಗಿ ಜಾರುವುದಿಲ್ಲ, ‘ಟಾಂ’ ಎನ್ನಬೇಕಾದದ್ದು ‘ದಪ್’ ಎನ್ನುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒಂದೊಂದೇ ತಂತಿಯನ್ನು ಹಿಡಿದು, ಅಡಿಭಾಗವೂ ಸೇರುವಂತೆ ಒರೆಸಿ, ಗಿಟಾರನ್ನು ಚೀಲದೊಳಗೆ ಇಡಿ.

ಟೆಲಿಕಾಸ್ಟರ್ ಇಲ್ಲವಲ್ಲ ಎಂದು ಕೊರಗುವವರಿಗೆ ನನ್ನದೊಂದೇ ಉತ್ತರ: ಬ್ರಿಜ್ ಪಿಕಪ್ ಇರುವ ಯಾವ ಗಿಟಾರಾದರೂ ಸದ್ಯಕ್ಕೆ ನಡೆಯುತ್ತದೆ. ಕಂಪ್ರೆಸರ್ ಪೆಡಲ್ ಮಾತ್ರ ಈಗಲೇ ಬೇಡ. ಕಂಟ್ರಿ ವಾದಕರು ಅದನ್ನು ಧಾರಾಳವಾಗಿ ಬಳಸುತ್ತಾರೆ, ನಿಜ. ಅದು ಮೆಲುವಾದ ಹೊಡೆತವನ್ನು ಎತ್ತುತ್ತದೆ, ಜೋರಾದದ್ದನ್ನು ತಗ್ಗಿಸುತ್ತದೆ. ಪಿಕ್ಕಿನ ಹೊಡೆತ ಮತ್ತು ಬೆರಳಿನ ಎಳೆತ ಕಿವಿಗೆ ಒಂದೇ ತೂಕದಲ್ಲಿ ಕೇಳುವವರೆಗೆ ಆಂಪ್ಲಿಫೈಯರಿಗೆ ನೇರವಾಗಿ ಸಿಕ್ಕಿಸಿ ನುಡಿಸಿ. ಎರಡರ ತೂಕ ಸಮವಾಗಿದೆಯೇ ಎಂದು ತಿಳಿಯಲು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಅರ್ಧ ಗಂಟೆ ಬಿಟ್ಟು, ಗಿಟಾರ್ ಕೈಯಲ್ಲಿಲ್ಲದಾಗ ಕೇಳಿ.